ಗ್ಯಾಲಪಗಸ್: ಕೋಶ ಓದಿ ದೋಣಿ ಹತ್ತಿ

‘ದೇಶ ಸುತ್ತು, ಕೋಶ ಓದು’ ಎಂಬುದು ನಮ್ಮ ಹಿರಿಯರ ಮಾತು. ಎರಡರಲ್ಲಿ ಯಾವುದು ಮೊದಲು ಎಂದು ಅವರು ಹೇಳಿಲ್ಲ. ಪೆಸಿಫಿಕ್ ಸಾಗರದ ಗ್ಯಾಲಪಗಸ್ ದ್ವೀಪಗಳ ಮಟ್ಟಿಗೆ ಮಾತ್ರ ಕೋಶವೇ ಮೊದಲು. ಓದದೆ ಹೊರಟರೆ ಹಣವೂ ಹೋಗುತ್ತದೆ, ನೋಡಬೇಕೆಂದುಕೊಂಡ ಪ್ರಾಣಿಯೂ ಕಾಣುವುದಿಲ್ಲ. ಇದು ನಾನು ಕಣ್ಣಾರೆ ಕಂಡ ಸಂಗತಿ.

ವಿಕಾಸವಾದದ ಪಾಠ ಬಂದಾಗಲೆಲ್ಲ ಕಪ್ಪುಹಲಗೆಯ ಮೇಲೆ ನಾಲ್ಕು ಕೊಕ್ಕುಗಳ ಚಿತ್ರ ಬರೆದು, ‘ಇವು ಡಾರ್ವಿನ್ನನ ಫಿಂಚ್ ಹಕ್ಕಿಗಳು’ ಎಂದು ಹೇಳುತ್ತಾ ಬಂದವನು ನಾನು. ಆ ದ್ವೀಪಗಳಿಗೆ ಹೋದೇನೆಂಬ ಕನಸೂ ಇರಲಿಲ್ಲ. ಅಮೆರಿಕದಲ್ಲಿರುವ ಮಗ ಒಂದು ದಿನ ಫೋನು ಮಾಡಿ, ‘ಅಪ್ಪ, ಅರ್ಧ ಖರ್ಚು ನನ್ನದು, ಅರ್ಧ ನಿಮ್ಮದು. ಬೇಸಿಗೆ ರಜೆಗೆ ಅಮ್ಮನನ್ನೂ ಕರೆದುಕೊಂಡು ಹೊರಡಿ’ ಎಂದ. ಹೀಗೆ 2023ರ ಮೇ ತಿಂಗಳಲ್ಲಿ ನಾವು ಮೂವರೂ ಅಲ್ಲಿದ್ದೆವು. ಆದರೆ ಅದಕ್ಕೆ ಮುಂಚಿನ ನಾಲ್ಕು ತಿಂಗಳು ನಮ್ಮ ಮನೆಯಲ್ಲಿ ನಡೆದ ಚರ್ಚೆಯೇ ಅರ್ಧ ಪ್ರವಾಸ.

ಗ್ಯಾಲಪಗಸ್ ಈಕ್ವೆಡಾರ್ ದೇಶಕ್ಕೆ ಸೇರಿದ್ದು. ಆ ದೇಶದ ಕರಾವಳಿಯಿಂದ ಪಶ್ಚಿಮಕ್ಕೆ ಸುಮಾರು ಸಾವಿರ ಕಿಲೋಮೀಟರ್ ದೂರ. ಎಲ್ಲವೂ ಸಮುದ್ರದ ತಳದಿಂದ ಎದ್ದ ಜ್ವಾಲಾಮುಖಿಗಳು. ಉರಿಯುವ ಒಲೆಯ ಮೇಲೆ ರೊಟ್ಟಿಯನ್ನು ನಿಧಾನವಾಗಿ ಒಂದೇ ಕಡೆಗೆ ಎಳೆಯುತ್ತಾ ಹೋದರೆ ಸಾಲಾಗಿ ಸುಟ್ಟ ಕಲೆಗಳು ಬೀಳುತ್ತವಲ್ಲ, ಹಾಗೆ. ಒಲೆ ಎಂದರೆ ಭೂಗರ್ಭದ ಬಿಸಿಚುಕ್ಕೆ. ರೊಟ್ಟಿ ಎಂದರೆ ಪೂರ್ವಕ್ಕೆ ಸರಿಯುತ್ತಿರುವ ನಾಸ್ಕಾ ಭೂಫಲಕ. ಹಾಗಾಗಿ ಪೂರ್ವದ ಎಸ್ಪಾನ್ಯೋಲಾ, ಸಾನ್ ಕ್ರಿಸ್ಟೋಬಲ್ ದ್ವೀಪಗಳು ಹಲವು ದಶಲಕ್ಷ ವರ್ಷ ಹಳೆಯವು. ಪಶ್ಚಿಮದ ಫರ್ನಾಂಡಿನಾ ಇನ್ನೂ ಎಳೆಯದು. ಅಲ್ಲಿನ ಬೆಂಕಿ ಆರಿಲ್ಲ. ದ್ವೀಪದ ವಯಸ್ಸು ಬೇರೆ, ಸುತ್ತಲಿನ ನೀರು ಬೇರೆ. ಆದ್ದರಿಂದ ಜೀವಿಗಳೂ ಬೇರೆ. ದೋಣಿಯನ್ನು ಆರಿಸುವವರು ಮೊದಲು ತಿಳಿಯಬೇಕಾದದ್ದು ಇದು.

ದೊಡ್ಡ ಹಡಗೋ, ಚಿಕ್ಕ ದೋಣಿಯೋ?

ದಡದ ಊರಾದ ಪೋರ್ಟೋ ಅಯೋರಾದಲ್ಲಿ ಹೋಟೆಲು ಹಿಡಿದು, ದಿನವೂ ಹತ್ತಿರದ ದ್ವೀಪಗಳಿಗೆ ಹೋಗಿಬರುವುದು ಅಗ್ಗದ ದಾರಿ. ಡಾರ್ವಿನ್ ಸಂಶೋಧನಾ ಕೇಂದ್ರ, ದೈತ್ಯ ಆಮೆಗಳು, ಕಡಲಸಿಂಹಗಳು ಇಷ್ಟಕ್ಕೆ ಅದು ಸಾಕು. ಆದರೆ ಫರ್ನಾಂಡಿನಾ, ಹೆನೊವೇಸಾದಂಥ ದೂರದ ದ್ವೀಪಗಳು ಬೇಕೆಂದರೆ ದೋಣಿಯಲ್ಲೇ ಮಲಗಿ ಏಳಬೇಕು. ರಾತ್ರಿ ಪಯಣ, ಹಗಲು ನಡಿಗೆ.

ನೂರು ಪ್ರವಾಸಿಗಳ ಹಡಗುಗಳಿವೆ, ಹದಿನಾರು ಜನರ ದೋಣಿಗಳಿವೆ. ದೊಡ್ಡ ಹಡಗು ಅಷ್ಟಾಗಿ ತೂಗಾಡದು. ವಯಸ್ಸಾದವರಿಗೆ, ಕಾಯಿಲೆಯವರಿಗೆ ಅದೇ ಮೇಲು. ನನ್ನ ಹೆಂಡತಿಗೆ ಬಸ್ಸಿನಲ್ಲಿ ಆಗುಂಬೆ ಘಟ್ಟ ಇಳಿದರೂ ಹೊಟ್ಟೆ ತೊಳಸುತ್ತದೆ. ಮಗ ದೊಡ್ಡ ಹಡಗೇ ಇರಲಿ ಎಂದ. ಆದರೆ ಉದ್ಯಾನದ ನಿಯಮದಂತೆ ಒಬ್ಬ ಮಾರ್ಗದರ್ಶಿಯ ಹಿಂದೆ ಹೋಗಬಹುದಾದವರು ಹದಿನಾರೇ ಮಂದಿ. ನೂರು ಜನರಿದ್ದರೆ ಆರೇಳು ಗುಂಪು. ಒಂದು ಗುಂಪು ದಡಕ್ಕಿಳಿಯುವಾಗ ಇನ್ನೊಂದು ಕಾಯಬೇಕು. ಹದಿನಾರು ಜನರ ದೋಣಿಯಲ್ಲಿ ಎಲ್ಲರೂ ರಬ್ಬರ್ ದೋಣಿ ಹತ್ತಿ ಒಟ್ಟಿಗೆ ಇಳಿಯುತ್ತೇವೆ, ಎಲ್ಲರ ಪ್ರಶ್ನೆಯೂ ಎಲ್ಲರಿಗೂ ಕೇಳುತ್ತದೆ. ಮೇಷ್ಟರ ಕಣ್ಣಿಗೆ ಇದು ಚಿಕ್ಕ ತರಗತಿಯ ಲಾಭ. ಕೊನೆಗೆ ಹೆಂಡತಿಯೇ, ‘ಚಿಕ್ಕದೇ ಇರಲಿ, ನಾಲ್ಕು ಮಾತ್ರೆ ಹೆಚ್ಚಿಗೆ ತಗೊಂಡರಾಯ್ತು’ ಎಂದಳು. ನಾವು ಹಿಡಿದದ್ದು ಅಕ್ಕಪಕ್ಕ ಎರಡು ಒಡಲು ಜೋಡಿಸಿದ ಕ್ಯಾಟಮರಾನ್. ಒಂಟಿ ಒಡಲಿನ ದೋಣಿಗಿಂತ ಅದರ ತೂಗಾಟ ಕಡಿಮೆ. ಕೋಣೆ ಕೆಳಗೆ, ನಡುಮಧ್ಯದಲ್ಲಿದ್ದರೆ ಇನ್ನೂ ಒಳ್ಳೆಯದು. ಆದರೂ ಮೊದಲ ರಾತ್ರಿ ಅವಳು ನಿದ್ದೆ ಮಾಡಲಿಲ್ಲ. ವಾಂತಿಗೆಂದು ಊರಿನಿಂದ ತಂದಿದ್ದ ನಿಂಬೆಹಣ್ಣುಗಳನ್ನು ಈಕ್ವೆಡಾರಿನ ವಿಮಾನ ನಿಲ್ದಾಣದಲ್ಲೇ ಬಿಟ್ಟು ಬರಬೇಕಾಗಿತ್ತು. ಹೊರಗಿನ ಹಣ್ಣು, ಬೀಜ, ಹುಳ ಯಾವುದೂ ದ್ವೀಪಕ್ಕೆ ಹೋಗಬಾರದೆಂದು ಚೀಲಗಳನ್ನೆಲ್ಲ ತಪಾಸಣೆ ಮಾಡುತ್ತಾರೆ.

ದಾರಿಯೇ ಮುಖ್ಯ

ದೋಣಿಯ ಗಾತ್ರಕ್ಕಿಂತ ಮುಖ್ಯವಾದದ್ದು ದಾರಿ. ಒಂದೇ ಜಾಗಕ್ಕೆ ಜನ ಮುಗಿಬೀಳದಿರಲೆಂದು 2012ರಿಂದ ಒಂದು ನಿಯಮ ಬಂದಿದೆ: ಯಾವ ದೋಣಿಯೂ ಒಂದು ತಾಣಕ್ಕೆ ಹೋದರೆ ಹದಿನಾಲ್ಕು ದಿನ ಕಳೆಯುವ ತನಕ ಮತ್ತೆ ಅಲ್ಲಿಗೆ ಹೋಗುವಂತಿಲ್ಲ. ಆದ್ದರಿಂದ ದೋಣಿಗಳು ಎರಡು ವಾರದ ಸುತ್ತು ಹಾಕುತ್ತವೆ. ಅದನ್ನು ನಾಲ್ಕು, ಐದು, ಎಂಟು ದಿನಗಳ ತುಂಡು ಮಾಡಿ ಮಾರುತ್ತಾರೆ. ಒಂದು ವಾರದಲ್ಲಿ ಎಲ್ಲವನ್ನೂ ನೋಡುವುದು ಆಗದ ಮಾತು. ಮೊದಲ ದಿನ, ಕೊನೆಯ ದಿನ ವಿಮಾನಕ್ಕೇ ಅರ್ಧ ಹೋಗುತ್ತವೆ. ನಾಲ್ಕು ದಿನದ ಪ್ರವಾಸದಲ್ಲಿ ಪೂರ್ಣ ದಿನಗಳು ಎರಡೇ.

ನಮ್ಮ ಮುಂದೆ ಎರಡು ದಾರಿಗಳಿದ್ದವು. ಆಗ್ನೇಯಕ್ಕೆ ಹೋದರೆ ಎಸ್ಪಾನ್ಯೋಲಾ. ಏಪ್ರಿಲಿನಿಂದ ಡಿಸೆಂಬರಿನವರೆಗೆ ಆಲ್ಬಟ್ರಾಸ್ ಹಕ್ಕಿಗಳು ಅಲ್ಲಿ ಗೂಡು ಕಟ್ಟುತ್ತವೆ. ಪಶ್ಚಿಮಕ್ಕೆ ಹೋದರೆ ಇಸಬೆಲಾ, ಫರ್ನಾಂಡಿನಾ. ಹಾರಲಾರದ ನೀರುಕಾಗೆ ಜಗತ್ತಿನಲ್ಲಿ ಇರುವುದು ಅಲ್ಲಿ ಮಾತ್ರ. ಎರಡೂ ಬೇಕು, ಹಣ ಒಂದಕ್ಕೆ ಮಾತ್ರ. ಬಹಳ ದಿನ ತೂಗಿ ನಾನು ಪಶ್ಚಿಮ ಎಂದೆ. ಆಲ್ಬಟ್ರಾಸನ್ನು ಬಿಟ್ಟದ್ದಕ್ಕೆ ಇಂದಿಗೂ ಸ್ವಲ್ಪ ಬೇಸರವಿದೆ.

ನಮ್ಮ ದೋಣಿಯಲ್ಲೇ ಇದ್ದ ದಂಪತಿಗಳ ಕಥೆ ಬೇರೆ. ಅವರು ಬಂದದ್ದೇ ಆಲ್ಬಟ್ರಾಸ್ ನೋಡಲು. ಅವರ ಏಜೆಂಟರು ಕೊಟ್ಟ ಕಿರುಹೊತ್ತಿಗೆಯಲ್ಲಿ ಎಲ್ಲ ದ್ವೀಪಗಳ ಎಲ್ಲ ಪ್ರಾಣಿಗಳ ಚಿತ್ರವೂ ಇತ್ತು. ಯಾವುದು ಯಾವ ದಾರಿಯಲ್ಲಿ ಎಂಬ ಮಾತಿರಲಿಲ್ಲ. ಎರಡನೆಯ ದಿನ ವಿಷಯ ತಿಳಿದಾಗ ಆಕೆ ಅತ್ತೇಬಿಟ್ಟರು. ದಿನದಿನದ ತಾಣಗಳ ಪಟ್ಟಿಯನ್ನು ಬರವಣಿಗೆಯಲ್ಲಿ ಪಡೆದು, ನಕ್ಷೆ ಬಿಡಿಸಿಕೊಂಡು ನೋಡಿದ ಮೇಲೆಯೇ ಮುಂಗಡ ಕೊಡಿ.

ಕಾಲವನ್ನೂ ನೋಡಬೇಕು. ಡಿಸೆಂಬರಿನಿಂದ ಮೇವರೆಗೆ ಸೆಕೆ, ಮಳೆ, ಆದರೆ ಶಾಂತ ಸಮುದ್ರ. ಜೂನಿನಿಂದ ನವೆಂಬರಿನವರೆಗೆ ತಂಪು, ಜಿನುಗು ಮಂಜು; ಮೀನು ಹೇರಳ, ಆಗಸ್ಟ್–ಸೆಪ್ಟೆಂಬರಿನಲ್ಲಿ ಅಲೆಗಳ ಅಬ್ಬರವೂ ಹೆಚ್ಚು. ಇನ್ನು ಉದ್ಯಾನದ ಪ್ರವೇಶ ಶುಲ್ಕ: ನಾವು ಹೋದಾಗ ವಿದೇಶೀಯರಿಗೆ 100 ಡಾಲರ್ ಇತ್ತು. 2024ರ ಆಗಸ್ಟಿನಲ್ಲಿ ಅದನ್ನು 200ಕ್ಕೆ ಏರಿಸಿದರು. ದೋಣಿಯ ದರದಲ್ಲಿ ಇದು ಸೇರಿದೆಯೇ ಎಂದು ಕೇಳಿಕೊಳ್ಳಬೇಕು.

ಫರ್ನಾಂಡಿನಾದ ಬೆಳಿಗ್ಗೆ

ಇಸಬೆಲಾದ ಉತ್ತರ ತುದಿಯನ್ನು ಬಳಸುವಾಗ ಭೂಮಧ್ಯರೇಖೆ ದಾಟುತ್ತೇವೆ. ಕ್ಯಾಪ್ಟನ್ ತನ್ನ ಯಂತ್ರದಲ್ಲಿ ಅಕ್ಷಾಂಶದ ಸೊನ್ನೆಗಳನ್ನು ತೋರಿಸಿದಾಗ, ಭೂಗೋಳದ ಗೋಲದ ಮೇಲೆ ಬೆರಳಿಟ್ಟು ತೋರಿಸುತ್ತಿದ್ದ ಗೆರೆಯ ಮೇಲೇ ನಿಂತಿದ್ದೇನಲ್ಲ ಎನಿಸಿತು. ಮರುದಿನ ಫರ್ನಾಂಡಿನಾ. ಕರಿಯ ಲಾವಾ ಬಂಡೆಯ ಮೇಲೆ ನೂರಾರು ಕರಿಯ ಕಡಲ ಇಗುವಾನಾಗಳು ಒಂದರ ಮೇಲೊಂದು ಬಿದ್ದುಕೊಂಡು ಬಿಸಿಲು ಕಾಯುತ್ತಿದ್ದವು. ಸಮುದ್ರದ ಪಾಚಿ ತಿಂದು ಹೆಚ್ಚಾದ ಉಪ್ಪನ್ನು ಮೂಗಿನಿಂದ ಸೀನಿ ಹೊರಹಾಕುತ್ತವೆ. ತರಗತಿಯಲ್ಲಿ ನೆಗಡಿ ಬಂದ ಬೆಂಚಿನಂತೆ ಸೀನೋ ಸೀನು!

ಬಂಡೆಯ ಅಂಚಿನಲ್ಲಿ ನೀರುಕಾಗೆ. ನಮ್ಮ ಕೆರೆಯ ನೀರುಕಾಗೆ ಮುಳುಗೆದ್ದು ಕೊಂಬೆಯ ಮೇಲೆ ರೆಕ್ಕೆ ಹರಡಿ ಒಣಗಿಸುವುದನ್ನು ಎಲ್ಲರೂ ನೋಡಿದ್ದೀರಿ. ಇದೂ ಹಾಗೆಯೇ ರೆಕ್ಕೆ ಹರಡಿತು. ಆದರೆ ಆ ರೆಕ್ಕೆ ಹರಿದ ಛತ್ರಿಯ ತುಂಡಿನಷ್ಟೇ. ಬೇಟೆಯಾಡುವ ಪ್ರಾಣಿ ನೆಲದ ಮೇಲಿಲ್ಲ, ಮೀನು ದಡದಲ್ಲೇ ಇದೆ. ಹಾರುವ ಅಗತ್ಯವಿಲ್ಲದೆ ತಲೆಮಾರುಗಳು ಕಳೆದು ರೆಕ್ಕೆ ಕುಗ್ಗಿತು. ಒಣಗಿಸುವ ಚಾಳಿ ಮಾತ್ರ ಉಳಿಯಿತು. ಪೂರ್ವಜರ ಗುರುತು ಎಂದು ನಾನು ಪುಸ್ತಕದಿಂದ ಓದಿ ಹೇಳುತ್ತಿದ್ದ ಪಾಠ ಎರಡು ಮೀಟರ್ ದೂರದಲ್ಲಿ ನಿಂತಿತ್ತು. ಅದಕ್ಕಿಂತ ಹತ್ತಿರ ಹೋಗುವಂತಿಲ್ಲ. ಸಮುದ್ರದಿಂದ ಬಂದ ಇನ್ನೊಂದು ಹಕ್ಕಿ ಬಾಯಲ್ಲಿ ಪಾಚಿಯ ಎಳೆ ತಂದು ಗೂಡಿನಲ್ಲಿದ್ದ ಜೋಡಿಗೆ ಕೊಟ್ಟಿತು. ‘ಹೊರಗಿನಿಂದ ಬರುವಾಗ ಬರಿಗೈಲಿ ಬರಬಾರದೂಂತ ಹಕ್ಕಿಗೂ ಗೊತ್ತು ನೋಡಿ’ ಎಂದಳು ನನ್ನ ಹೆಂಡತಿ. ನಾನು ಸುಮ್ಮನಿದ್ದೆ.

ನನ್ನ ಒಂದು ತಪ್ಪು ತಿದ್ದಿಕೊಂಡದ್ದೂ ಈ ಪ್ರವಾಸದಲ್ಲೇ. ಡಾರ್ವಿನ್ 1835ರಲ್ಲಿ ಫಿಂಚ್‌ಗಳ ಕೊಕ್ಕು ನೋಡಿದ, ಅಲ್ಲೇ ವಿಕಾಸವಾದ ಹೊಳೆಯಿತು ಎಂಬಂತೆ ನಾನು ಪಾಠ ಮಾಡುತ್ತಿದ್ದೆ. ಹಾಗಲ್ಲ. ಅವನು ಐದು ವಾರವಿದ್ದು ಇಳಿದದ್ದು ನಾಲ್ಕೇ ದ್ವೀಪಗಳಲ್ಲಿ. ಯಾವ ಫಿಂಚ್ ಯಾವ ದ್ವೀಪದ್ದೆಂದು ಸರಿಯಾಗಿ ಚೀಟಿ ಬರೆದಿಡಲೂ ಇಲ್ಲ. ಮಾಕಿಂಗ್‌ಬರ್ಡ್ ಹಕ್ಕಿಗಳಿಗೆ ಬರೆದಿಟ್ಟಿದ್ದ. ದ್ವೀಪದಿಂದ ದ್ವೀಪಕ್ಕೆ ವ್ಯತ್ಯಾಸವಿದೆಯೆಂದು ಅವನಿಗೆ ಮೊದಲು ಸೂಚಿಸಿದ್ದು ಅವು. ಫಿಂಚ್‌ಗಳೆಲ್ಲ ಹತ್ತಿರದ ಸಂಬಂಧಿಗಳೆಂದು 1837ರಲ್ಲಿ ಲಂಡನ್ನಿನಲ್ಲಿ ಗುರುತಿಸಿದವನು ಪಕ್ಷಿತಜ್ಞ ಜಾನ್ ಗೋಲ್ಡ್. ರೆಕಾರ್ಡ್ ಪುಸ್ತಕದಲ್ಲಿ ದಿನಾಂಕ, ಸ್ಥಳ ಬರೆಯದ ಮಕ್ಕಳನ್ನು ಈಗ ನಾನು ಗದರುವುದಿಲ್ಲ. ಡಾರ್ವಿನ್ನನ ಕಥೆ ಹೇಳುತ್ತೇನೆ.

ಒಂದು ಪ್ರಶ್ನೆ

ಊರಿಗೆ ಬಂದು ತರಗತಿಯಲ್ಲಿ ಚಿತ್ರ ತೋರಿಸಿದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ‘ಸಾರ್, ನೀವೆಲ್ಲ ಹೋಗದಿದ್ದರೆ ಆ ಪ್ರಾಣಿಗಳು ಇನ್ನೂ ಚೆನ್ನಾಗಿರುತ್ತಿರಲಿಲ್ಲವೇ?’ ಎಂದು ಕೇಳಿದಳು.

ಸುಲಭದ ಪ್ರಶ್ನೆಯಲ್ಲ. 2001ರ ಜನವರಿಯಲ್ಲಿ ‘ಜೆಸ್ಸಿಕಾ’ ಎಂಬ ತೈಲದ ಹಡಗು ಸಾನ್ ಕ್ರಿಸ್ಟೋಬಲ್ ಬಳಿ ನೆಲಕಚ್ಚಿ ಲಕ್ಷಾಂತರ ಲೀಟರ್ ಎಣ್ಣೆ ಸೋರಿತು. ಪ್ರವಾಸಿ ಹಡಗಿಗೆಂದು ತಂದ ಇಂಧನವೂ ಅದರಲ್ಲಿತ್ತು. ಮುಂದಿನ ಒಂದು ವರ್ಷದಲ್ಲಿ ಸಾಂತಾ ಫೆ ದ್ವೀಪದ ಕಡಲ ಇಗುವಾನಾಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತವು. ಇನ್ನೊಂದು ಮಗ್ಗುಲೂ ಇದೆ. ತಿಮಿಂಗಿಲ ಬೇಟೆಗಾರರ ಮತ್ತು ಆಡುಗಳ ಕಾಟದಿಂದ ಎಸ್ಪಾನ್ಯೋಲಾದ ದೈತ್ಯ ಆಮೆಗಳು ಹದಿನಾಲ್ಕಕ್ಕೆ ಇಳಿದಿದ್ದವು. ಅಮೆರಿಕದ ಮೃಗಾಲಯದಲ್ಲಿದ್ದ ಒಂದನ್ನೂ ಸೇರಿಸಿ ಮರಿ ಮಾಡಿಸಿ, ಸುಮಾರು ಎರಡು ಸಾವಿರ ಆಮೆಗಳನ್ನು ದ್ವೀಪಕ್ಕೆ ಬಿಟ್ಟರು. 2020ರಲ್ಲಿ ಆ ಹದಿನೈದು ಹಿರಿಯ ಆಮೆಗಳೂ ತಾಯ್ನೆಲಕ್ಕೆ ಮರಳಿದವು. ಇಂಥ ಉದ್ಯಾನವನ್ನು ಕಾಯುವ ಖರ್ಚಿಗೆ ಪ್ರವಾಸಿಗಳ ಶುಲ್ಕವೂ ಒದಗುತ್ತದೆ.

ಇಷ್ಟನ್ನು ಹೇಳಿದೆ. ‘ಹಾಗಾದರೆ ದುಡ್ಡು ಕಳಿಸಿ ಮನೆಯಲ್ಲೇ ಇರಬಹುದಲ್ಲ ಸಾರ್?’ ಎಂದಳು. ತರಗತಿ ನಕ್ಕಿತು, ನಾನೂ ನಕ್ಕೆ. ಚಿಕ್ಕ ದೋಣಿಯಲ್ಲಿ ಹೋದವನೆಂಬ ನನ್ನ ಜಂಬ ಅಲ್ಲಿಗೆ ಇಳಿಯಿತು. ಚಿಕ್ಕ ದೋಣಿಯೂ ಎಣ್ಣೆ ಉರಿಸುತ್ತದೆ.

ಮಕ್ಕಳನ್ನು ಕರೆದೊಯ್ಯಬಲ್ಲ ತಂದೆತಾಯಿಗಳು ಮಕ್ಕಳಿಂದಲೇ ನಕ್ಷೆ ಓದಿಸಿ, ಯಾವ ಪ್ರಾಣಿ, ಯಾವ ದ್ವೀಪ, ಯಾವ ತಿಂಗಳು ಎಂದು ಪಟ್ಟಿ ಮಾಡಿಸಲಿ, ದೋಣಿ ಆಮೇಲೆ. ಹೋಗಲಾಗದವರು ನಾಳೆ ಬೆಳಿಗ್ಗೆ ಕೆರೆಯ ಏರಿಯ ಮೇಲೆ ನಿಂತು ನಮ್ಮ ನೀರುಕಾಗೆಯನ್ನು ನೋಡಲಿ. ನೋಡಿದ್ದನ್ನು ಬರೆದಿಡುವಾಗ ದಿನಾಂಕ, ಸ್ಥಳ ಮರೆಯದಿರಲಿ.