ಬಳ್ಳಾಪುರ, 1737: ಕಾವಿಯುಟ್ಟ ಪರದೇಶಿ

ಪಾದುಕೆಯ ಗೂಟ ಹೆಬ್ಬೆರಳಿನ ಸಂದಿಯಲ್ಲಿ ಮತ್ತೆ ಚರ್ಮ ಕಿತ್ತಿದೆ. ಬಂದ ಹೊಸತರಲ್ಲಿ ರಕ್ತ ಬರುತ್ತಿತ್ತು, ಈಗ ಬರೀ ಉರಿ. ಹೊರಗೆ ಇನ್ನೂ ಕತ್ತಲು. ನಂದಿ ಬೆಟ್ಟದ ಕಡೆಯಿಂದ ಇಳಿದ ಮಂಜು ಬೇಲಿಯನ್ನು ಪೂರ್ತಿ ಮುಚ್ಚಿದೆ. ಮೈಮೇಲೆ ಕಾವಿ ಬಟ್ಟೆ ಮಾತ್ರ, ಕಂಬಳಿ ಚಾಪೆಯ ಮೇಲೆ ಬಿದ್ದಿದೆ. ಪಕ್ಕದ ಕೋಣೆಯಲ್ಲಿ ಧರ್ಮಪಾಠ ಹೇಳುವ ಉಪದೇಶಿ ಕೆಮ್ಮುತ್ತಾ ದೀಪಕ್ಕೆ ಎಣ್ಣೆ ಹೊಯ್ಯುತ್ತಿದ್ದಾನೆ.

1737ರ ಜನವರಿ. ಊರು ಚಿಕ್ಕಬಳ್ಳಾಪುರ. ನೀವು ಫ್ರಾನ್ಸಿನ ಯೇಸುಸಭೆಯ ಪಾದ್ರಿ, ವಯಸ್ಸು ಮೂವತ್ತರ ಆಸುಪಾಸು. ನಿಮಗೆ ಇಲ್ಲಿ ಹೆಸರಿಟ್ಟಿಲ್ಲ. ಕರ್ನಾಟಕ ಮಿಷನ್ನಿಗೆಂದು ಬಂದ ಹಲವರು ಊರಿಗೆ ಬರೆದ ಕಾಗದಗಳಲ್ಲಿ ಕಾಣುವ ದಿನಚರಿ ನಿಮ್ಮದು. ಲೋರಿಯಾಂ ಬಂದರಿನಲ್ಲಿ ಹಡಗು ಹತ್ತಿ, ಅರ್ಧ ವರ್ಷಕ್ಕೂ ಹೆಚ್ಚು ಕಡಲಲ್ಲಿ ಕಳೆದು ಪಾಂಡಿಚೇರಿಯಲ್ಲಿ ಇಳಿದಿರಿ. ಅಲ್ಲಿ ನಿಮ್ಮ ಕರಿ ನಿಲುವಂಗಿಯನ್ನು ಬಿಚ್ಚಿಸಿ ಈ ಕಾವಿ ಕೊಟ್ಟರು. ಅಲ್ಲಿಂದ ಘಟ್ಟ ಹತ್ತಿ ಪುಂಗನೂರು, ಪುಂಗನೂರಿನಿಂದ ಪಶ್ಚಿಮಕ್ಕೆ ನಡಿಗೆ. ಇವತ್ತಿನ ಓದುಗರು ಚಿಂತಾಮಣಿ, ಶಿಡ್ಲಘಟ್ಟ ಎಂದು ಬಸ್ಸಿನ ಬೋರ್ಡಿನಲ್ಲಿ ಓದುವ ಸೀಮೆಯನ್ನು ನೀವು ಬರಿಗಾಲಲ್ಲಿ ದಾಟಿ ಬಂದಿರಿ. ಆಗ ಅಲ್ಲಿ ಹಿಪ್ಪುನೇರಳೆ ತೋಟಗಳಿಲ್ಲ. ರೇಷ್ಮೆ ಈ ಕಡೆ ಬರಲು ಟಿಪ್ಪುವಿನ ಕಾಲ ಬರಬೇಕು. ಕಂಡದ್ದೆಲ್ಲ ರಾಗಿ, ಹುರುಳಿ, ಕೆರೆ, ಬಂಡೆ, ಮತ್ತೆ ಕೆರೆ.

ಬಾಗಿಲು ಹಾಕಿ ಪೂಜೆ ಶುರುಮಾಡುತ್ತೀರಿ. ಚರ್ಚು ಎಂದರೆ ಮಣ್ಣಿನ ಗೋಡೆ, ಮೇಲೆ ಹುಲ್ಲು. ಬಟ್ಟಲಲ್ಲಿ ಕೆಲವೇ ಹನಿ ದ್ರಾಕ್ಷಾರಸ. ಅದು ಪಾಂಡಿಚೇರಿಯಿಂದ ತಲೆಹೊರೆಯಲ್ಲಿ ಬರಬೇಕು, ಒಡೆದರೆ ಮುಂದಿನ ಹೊರೆಯವರೆಗೆ ಪೂಜೆಯೇ ಇಲ್ಲ. ಈ ದ್ರಾಕ್ಷಾರಸ ಊರವರ ಕಣ್ಣಿಗೆ ಬೀಳಬಾರದು. ಹೆಂಡ ಕುಡಿಯುವವನು, ದನ ತಿನ್ನುವವನು ಎಂದರೆ ಪರಂಗಿ. ಪರಂಗಿ ಎನ್ನಿಸಿಕೊಂಡ ದಿನವೇ ಈ ಮನೆಗೆ ಯಾರೂ ಕಾಲಿಡುವುದಿಲ್ಲ, ಇದ್ದವರೂ ಜಾತಿಯಿಂದ ಹೊರಬೀಳುತ್ತಾರೆ. ಅದಕ್ಕೇ ನೀವು ರೋಮಾಪುರಿಯ ಸನ್ಯಾಸಿ. ಇದು ಹೊಸ ಉಪಾಯವಲ್ಲ. 1606ರಲ್ಲಿ ಮದುರೆಗೆ ಬಂದ ರಾಬರ್ಟೊ ದೆ ನೊಬಿಲಿ ಹಾಕಿಕೊಟ್ಟ ದಾರಿ. 1649ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಲಿಯೊನಾರ್ಡೊ ಸಿನ್ನಾಮಿಯೂ ಕಾವಿಯುಟ್ಟೇ ಕನ್ನಡ ಕಲಿತು ವ್ಯಾಕರಣ ಬರೆದ.

ಬೆಳಕು ಹರಿಯಿತು. ಬೀದಿಯಲ್ಲಿ ಅವರೆಕಾಯಿಯ ಸೊಗಡು. ಹೊಲದಿಂದ ಬಂದ ಹೆಂಗಸರು ಬುಟ್ಟಿ ಇಳಿಸಿ ಜಗಲಿಯ ಮೇಲೆ ಕಾಳು ಬಿಡಿಸುತ್ತಾ ಕನ್ನಡದಲ್ಲಿ ಜಗಳವಾಡುತ್ತಾರೆ, ಮರುಗಳಿಗೆ ತೆಲುಗಿನಲ್ಲಿ ನಗುತ್ತಾರೆ. ಈ ಸೀಮೆ ಆಗಲೂ ಹಾಗೆ, ಈಗಲೂ ಹಾಗೆ. ಗೌರಿಬಿದನೂರಿನ ಸಂತೆಯಲ್ಲಿ ಇವತ್ತು ಒಂದು ಗಂಟೆ ನಿಂತು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀವು ಮಾತ್ರ ಕಕ್ಕಾಬಿಕ್ಕಿ. ಪಾಂಡಿಚೇರಿಯಲ್ಲಿ ತಮಿಳಿನ ನಾಲ್ಕು ಮಾತು ಕಲಿತು ಬಂದಿರಿ, ಇಲ್ಲಿ ಅದು ನಡೆಯದು. ಮಿಷನ್ನಿನವರು ನೆಚ್ಚಿಕೊಂಡಿರುವುದು ತೆಲುಗನ್ನು. ಉಪದೇಶಿ ಕಲಿಸುವುದೂ ಅದನ್ನೇ. ಆದರೆ ನೀರು ತರುವ ಮುದುಕಿ ಮಾತಾಡುವುದು ಕನ್ನಡ.

“ಸ್ವಾಮೇರೇ, ನೀರು ಎಲ್ಲಿ ಇಡ್ಲಿ?” ಎನ್ನುತ್ತಾಳೆ.

ನೀವು ಕೈಯಿಂದ ಮೂಲೆ ತೋರಿಸುತ್ತೀರಿ. ಆಕೆ ನಿಮ್ಮ ಎಡಗೈಯನ್ನೇ ದಿಟ್ಟಿಸಿ ನೋಡಿ ಕೊಡ ಇಳಿಸುತ್ತಾಳೆ. ಅಡಿಗೆಯವನು ಒಳಗಿನಿಂದ ತಗ್ಗಿದ ದನಿಯಲ್ಲಿ ಹೇಳುತ್ತಾನೆ: “ಸ್ವಾಮಿ, ಆ ಕೈಯಲ್ಲಿ ತೋರಿಸಬೇಡಿ.”

ಅಡಿಗೆಯವನು ಬ್ರಾಹ್ಮಣ. ಬೇರೆ ಯಾರ ಕೈಯ ಅಡಿಗೆಯೂ ನಿಮಗೆ ಸಲ್ಲದು. ಊಟ ದಿನಕ್ಕೊಂದೇ ಹೊತ್ತು, ಅದೂ ಮಧ್ಯಾಹ್ನ ಇಳಿದ ಮೇಲೆ: ಅನ್ನ, ಸೊಪ್ಪು, ಒಂದಿಷ್ಟು ಹಾಲು. ಮಾಂಸವಿಲ್ಲ, ಮೀನಿಲ್ಲ, ಮೊಟ್ಟೆಯಿಲ್ಲ, ರೊಟ್ಟಿಯಂತೂ ಇಲ್ಲವೇ ಇಲ್ಲ. ಬೀದಿಯ ತುಂಬ ಹಿತಕಿದ ಬೇಳೆಯ ಸಾರಿನ ಘಮ, ಮನೆಮನೆಯಲ್ಲಿ ಬಿಸಿ ಮುದ್ದೆ. ನೀವು ಅದನ್ನು ಕೇಳುವಂತಿಲ್ಲ, ಸನ್ಯಾಸಿಯ ಎಲೆಗೆ ಅದು ಬರುವುದೂ ಇಲ್ಲ. ಉಣ್ಣುವಾಗ ತುತ್ತು ಅಂಗೈಗೆ ತಾಗಬಾರದು. ನೀರಿನ ಪಾತ್ರೆ ತುಟಿಗೆ ತಾಗಬಾರದು. ಮೇಲಿಂದ ಎತ್ತಿ ಗಂಟಲಿಗೆ ಬಿಡಬೇಕು. ಮೊದಮೊದಲು ಅರ್ಧ ನೀರು ಮೂಗಿಗೆ ಹೋಗಿ ಕಣ್ಣು ಕೆಂಪಾಗುತ್ತಿತ್ತು. ಈಗ ಸಲೀಸು.

ಎಂಜಲಿನ ವಿಷಯ ಅಷ್ಟಕ್ಕೇ ನಿಲ್ಲುವುದಿಲ್ಲ, ಅದು ನೇರ ಪೂಜೆಯ ಪುಸ್ತಕದೊಳಕ್ಕೆ ಬರುತ್ತದೆ. ದೀಕ್ಷಾಸ್ನಾನ ಕೊಡುವಾಗ ಗುರು ತನ್ನ ಬೆರಳನ್ನು ಉಗುಳಿನಿಂದ ಒದ್ದೆ ಮಾಡಿ ಮಗುವಿನ ಕಿವಿ, ಮೂಗು ಮುಟ್ಟಬೇಕೆಂಬುದು ರೋಮಿನ ಕ್ರಮ. ಬಳ್ಳಾಪುರದ ತಾಯಿಯೊಬ್ಬಳು ತನ್ನ ಮಗುವಿಗೆ ಇದನ್ನು ಮಾಡಲು ಬಿಟ್ಟಾಳೆಯೇ? ನಿಮ್ಮ ಹಿರಿಯರು ಸದ್ದಿಲ್ಲದೆ ಅದನ್ನು ಬಿಟ್ಟಿದ್ದರು. 1704ರಲ್ಲಿ ಪೋಪರ ಪ್ರತಿನಿಧಿ ತೂರ್ನೊನ್ ಪಾಂಡಿಚೇರಿಯಲ್ಲಿ ಆಜ್ಞೆ ಹೊರಡಿಸಿ ಅದನ್ನು ಬಿಡಕೂಡದು ಎಂದ. ಇನ್ನೂ ಹಲವನ್ನು ಹೇಳಿದ. ಬಾಲ್ಯವಿವಾಹ ಕೂಡದು. ತಾಳಿಯ ಮೇಲೆ ವಿಗ್ರಹದ ಗುರುತು ಇರಕೂಡದು. ಮುಟ್ಟಾದ ಹೆಂಗಸರನ್ನು ಚರ್ಚಿನಿಂದ ದೂರ ಇಡಕೂಡದು. ಊರ ಹೊರಗಿನ ಕೇರಿಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಗುರು ಅವರ ಮನೆಗೇ ಹೋಗಬೇಕು. ಆಜ್ಞೆಯ ಮೇಲೆ ವಾದ, ವಾದದ ಮೇಲೆ ಮನವಿ, ಮನವಿಯ ಮೇಲೆ ಮತ್ತೊಂದು ಆಜ್ಞೆ. ಮೂವತ್ತು ವರ್ಷ ದಾಟಿದರೂ ಜಗಳ ಮುಗಿದಿಲ್ಲ. ಇಲ್ಲಿಂದ ಯುರೋಪಿಗೆ ಒಂದು ಪ್ರಶ್ನೆ ಬರೆದರೆ ಉತ್ತರಕ್ಕೆ ಒಂದೂವರೆ, ಎರಡು ವರ್ಷ ಕಾಯಬೇಕು.

ಆ ಪಟ್ಟಿಯಲ್ಲಿ ಉಗುಳಿನ ಪ್ರಶ್ನೆಯ ಬಗ್ಗೆ ಪಂಡಿತರು ಬಹಳ ಬರೆದಿದ್ದಾರೆ. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಕೊನೆಗೆ ಹೇಳಿದ ಆ ಕೇರಿಯ ಮಾತು. ಅದಕ್ಕೆ ಬರುತ್ತೇನೆ.

ಬಿಸಿಲು ಏರಿದ ಮೇಲೆ ಪಾಠ. ಜಗಲಿಯ ಮೇಲೆ ಮರಳು ಹರಡಿ ಅಕ್ಷರ ತಿದ್ದುವ ವಯಸ್ಸಿನ ಹುಡುಗರ ಪಕ್ಕದಲ್ಲಿ ನೀವೂ ಕೂತಿದ್ದೀರಿ. ಅವರು ಅಮರಕೋಶ ಹೇಳುತ್ತಾ ತೂಗುತ್ತಾರೆ, ನೀವೂ ತೂಗುತ್ತೀರಿ. ಲಕಾರ ಬರುತ್ತದೆ, ಳಕಾರ ಬರುವುದಿಲ್ಲ. ನಾಲಿಗೆಯನ್ನು ಹಿಂದಕ್ಕೆ ಮಡಚು ಎಂದು ಉಪದೇಶಿ ತನ್ನ ಬಾಯಿ ತೆರೆದು ತೋರಿಸುತ್ತಾನೆ. ಹುಡುಗರಲ್ಲಿ ಒಬ್ಬ ನಿಮ್ಮ ‘ಬಲ್ಲಾಪುರ’ ಕೇಳಿ ಕಿಸಕ್ಕನೆ ನಕ್ಕು ಏಟು ತಿನ್ನುತ್ತಾನೆ. ನಿಮಗೆ ಸಿಟ್ಟಿಲ್ಲ. ಇಷ್ಟು ಸಂಸ್ಕೃತ, ಇಷ್ಟು ತೆಲುಗು ಇಲ್ಲದೆ ಇಲ್ಲಿ ಯಾರೊಂದಿಗೂ ಮಾತಿಗೆ ಕೂರುವಂತಿಲ್ಲ ಎಂಬುದು ನಿಮಗೆ ಗೊತ್ತು. ಹಾಗೆ ಕೂತು ತೋರಿಸಿದವರು ಒಬ್ಬರಿದ್ದಾರೆ.

ಜಾನ್ ಕಾಲ್ಮೆತ್. ದಕ್ಷಿಣ ಫ್ರಾನ್ಸಿನ ರೊದೇಜ್‌ನಲ್ಲಿ 1692ರಲ್ಲಿ ಹುಟ್ಟಿ, 1726ರಲ್ಲಿ ಈ ದೇಶಕ್ಕೆ ಬಂದವರು. ಪ್ಯಾರಿಸಿನ ಅರಸು ಗ್ರಂಥಾಲಯವನ್ನು ನೋಡಿಕೊಳ್ಳುತ್ತಿದ್ದ ಬಿನ್ಯೋನ್ ಭಾರತದ ಪುಸ್ತಕಗಳನ್ನು ಕಳಿಸಿ ಎಂದು ಕೇಳಿದಾಗ, ಕಾಲ್ಮೆತ್ ಕೈಹಾಕಿದ್ದು ನೇರ ವೇದಕ್ಕೇ. ಯುರೋಪಿನವರು ವೇದದ ಹೆಸರು ಕೇಳಿದ್ದರು, ಕಂಡಿರಲಿಲ್ಲ. ಅಂಥದ್ದೊಂದು ಇದೆಯೇ ಎಂದೂ ಹಲವರಿಗೆ ಸಂಶಯ. ಕಾಲ್ಮೆತ್ ಅದನ್ನು ಸಂಪಾದಿಸಿ ಪ್ಯಾರಿಸಿಗೆ ಕಳಿಸಿದರು. 1733ರ ಜನವರಿಯಲ್ಲಿ ವೆಂಕಟಗಿರಿಯಿಂದ ಬರೆದ ಕಾಗದದಲ್ಲಿ ಆ ಸುದ್ದಿಯಿದೆ. ಋಗ್ವೇದದ ಆ ಪ್ರತಿ ಇವತ್ತಿಗೂ ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದ ಸಂಗ್ರಹದಲ್ಲಿದೆ. ಪುಸ್ತಕ ಕೈಗೆ ಸಿಕ್ಕ ಮೇಲೆ ಅದರಿಂದಲೇ ಮಾತು ಹೆಕ್ಕಿ ಬ್ರಾಹ್ಮಣರೊಂದಿಗೆ ವಾದಕ್ಕೆ ಇಳಿಯುತ್ತಿದ್ದರು. ಅವರ ಗುರಿ ಖಂಡನೆಯೇ, ಅದನ್ನು ಅವರು ಮುಚ್ಚಿಡಲಿಲ್ಲ. ಆದರೆ ಖಂಡಿಸಬೇಕಾದ್ದನ್ನು ಮೊದಲು ಓದಬೇಕು ಎಂದು ನಂಬಿದ ಮನುಷ್ಯ ಅವರು. ಆ ನಂಬಿಕೆಯನ್ನು ನಾನು ಗೌರವಿಸುತ್ತೇನೆ. ಇದೇ ಬಳ್ಳಾಪುರದಿಂದಲೂ ಅವರು ಕಾಗದ ಬರೆದಿದ್ದಾರೆ.

ಅವರಿಗಿಂತ ಹಿಂದಿನವರೂ ಇಲ್ಲಿ ಕೂತು ಬರೆದದ್ದುಂಟು. ಎತಿಯೆನ್ ಲೆ ಗಾಕ್ 1709ರ ಜನವರಿಯಲ್ಲಿ ಪಾಂಡಿಚೇರಿಯ ಗವರ್ನರಿಗೆ ಬರೆದ ಕಾಗದ ಇದೇ ಊರಿನದು. ದಾಸರ ಗುಂಪುಗಳು ಸೇರಿ ಈ ಪರದೇಶಿ ಸನ್ಯಾಸಿಗಳನ್ನು ಓಡಿಸಿ ಎಂದು ಗಲಾಟೆ ಎಬ್ಬಿಸಿದ ಕತೆ ಅದರಲ್ಲಿದೆ. ಆವತಿಯ ವಂಶದ ಪಾಳೆಯಗಾರರ ಮರ್ಜಿಯ ಮೇಲೆ ನಿಮ್ಮ ಮಣ್ಣಿನ ಗೋಡೆ ನಿಂತಿದೆ. ಅರಮನೆಯಲ್ಲಿ ಗಾಳಿ ತಿರುಗಿತೆಂದರೆ ಒಂದೇ ರಾತ್ರಿಯಲ್ಲಿ ಗಂಟು ಕಟ್ಟಬೇಕು. 1762ರಲ್ಲಿ ಹೈದರಾಲಿ ಬಂದು ಆ ಪಾಳೆಯಪಟ್ಟನ್ನೇ ಮುಗಿಸುತ್ತಾನೆ, ಅದು ಇನ್ನೂ ದೂರದ ಮಾತು.

ಸಂಜೆ. ನೀವು ಕೆರೆಯ ಏರಿಯ ಮೇಲೆ ಜಪಪುಸ್ತಕ ಹಿಡಿದು ನಡೆಯುತ್ತಿದ್ದೀರಿ. ಉಪದೇಶಿ ಬೇಗ ಬೇಗ ಬಂದು ಹತ್ತಿರ ನಿಲ್ಲುತ್ತಾನೆ. ಅವನ ಹಿಂದೆ ದೂರದಲ್ಲಿ, ಬಹಳ ದೂರದಲ್ಲಿ ಒಬ್ಬ ಹುಡುಗ. ಹನ್ನೆರಡು ವರ್ಷ ಇರಬಹುದು. ಏರಿ ಹತ್ತದೆ ಕೆಳಗೇ ನಿಂತು ಕೂಗುತ್ತಾನೆ:

“ಸ್ವಾಮೇರೇ, ನಮ್ಮವ್ವಂಗೆ ಉಸ್ರು ಕಟ್ತಾ ಅದೆ. ನಿಮ್ಮನ್ನ ಕೇಳ್ತಾವ್ಳೆ.”

ಆ ಅವ್ವ ನಿಮ್ಮವಳೇ. ದೀಕ್ಷೆ ಪಡೆದವಳು. ಅವಳ ಗುಡಿಸಲು ಊರಾಚೆಯ ಕೇರಿಯಲ್ಲಿದೆ. ನೀವು ಹೆಜ್ಜೆ ಎತ್ತಿಯೇ ಬಿಟ್ಟಿರಿ. ಉಪದೇಶಿ ಅಡ್ಡ ನಿಂತ.

“ಹಗಲಲ್ಲಿ ಬೇಡ ಸ್ವಾಮಿ. ಆ ಕೇರಿಗೆ ತಾವು ಹೋದದ್ದು ಕಂಡರೆ ನಾಳೆ ಬೆಳಿಗ್ಗೆ ಅಡಿಗೆಯವ ಇರೋದಿಲ್ಲ, ನೀರಿನವಳು ಇರೋದಿಲ್ಲ, ಪೂಜೆಗೆ ಒಬ್ಬರೂ ಬರೋದಿಲ್ಲ. ಅವಳನ್ನೇ ಇಲ್ಲಿಗೆ ತರಿಸ್ತೀನಿ.”

ಕತ್ತಲಾದ ಮೇಲೆ ತರುತ್ತಾರೆ. ಹಗ್ಗದ ಮಂಚ, ನಾಲ್ಕು ಜನ ಹೆಗಲು. ಚರ್ಚಿನ ಅಂಗಳಕ್ಕೂ ಅಲ್ಲ, ಊರಿಗೂ ಕೇರಿಗೂ ನಡುವೆ ಇರುವ ಹುಣಿಸೆಮರದ ಕೆಳಕ್ಕೆ. ಮಂಜು ಬೀಳುತ್ತಿದೆ. ಉಸಿರಾಡಲಾಗದ ಹೆಂಗಸನ್ನು ಬೆಚ್ಚನೆಯ ಗುಡಿಸಲಿನಿಂದ ಎತ್ತಿಸಿ ಈ ಚಳಿಗೆ ತಂದು ಮಲಗಿಸಿದ್ದಾರೆ, ನೀವು ಅಲ್ಲಿಗೆ ಹೋಗಬಾರದೆಂಬ ಒಂದೇ ಕಾರಣಕ್ಕೆ. ನೀವು ಮಂಡಿಯೂರುತ್ತೀರಿ. ಎಣ್ಣೆಯ ಬೆರಳು ಅವಳ ಕಣ್ಣಿಗೆ, ಕಿವಿಗೆ, ಮೂಗಿಗೆ, ತುಟಿಗೆ, ಅಂಗೈಗೆ, ಪಾದಕ್ಕೆ. ಪಾದ ಒಡೆದು ಬಿರುಕು ಬಿಟ್ಟಿದೆ, ಬಿರುಕಿನಲ್ಲಿ ಕೆಸರು. ಅವಳು ನಿಮ್ಮ ಕೈ ಹಿಡಿದುಕೊಳ್ಳಲು ನೋಡಿ, ನೆನಪಾಗಿ, ತನ್ನ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾಳೆ. ಸಾವಿನ ಅಂಚಿನಲ್ಲೂ ಅವಳಿಗೆ ಆ ನೆನಪು ಬರುತ್ತದೆ.

ಮನೆಗೆ ಬಂದರೆ ಅಡಿಗೆಯವನು ಬಾಗಿಲಲ್ಲೇ ತಡೆಯುತ್ತಾನೆ. “ಸ್ವಾಮಿ, ಹಿತ್ತಲ ಬಾವಿ ಹತ್ತಿರ ಬನ್ನಿ.” ಬಟ್ಟೆ ಸಮೇತ ನಿಮ್ಮ ತಲೆಯ ಮೇಲೆ ತಣ್ಣೀರು ಸುರಿಯುತ್ತಾನೆ. ಇಂಥ ಮಡಿಸ್ನಾನವನ್ನೂ ತೂರ್ನೊನ್ ತನ್ನ ಆಜ್ಞೆಯಲ್ಲಿ ಬೇಡವೆಂದಿದ್ದ. ನೀವು ಸುಮ್ಮನೆ ನಿಂತು ಹುಯ್ಯಿಸಿಕೊಳ್ಳುತ್ತೀರಿ.

ಇದನ್ನು ಆ ಕಾಲದ ಅನಿವಾರ್ಯ ಎನ್ನುವವರಿದ್ದಾರೆ. ಒಂದು ಬಾಗಿಲು ತೆರೆಯಲು ಇನ್ನೊಂದು ಬಾಗಿಲು ಮುಚ್ಚಬೇಕಾಯಿತು ಎಂದು ಆ ಪಾದ್ರಿಗಳೂ ವಾದಿಸಿದರು. ಭಾಷೆಗಾಗಿ, ವೇದಕ್ಕಾಗಿ, ಒಂದೊತ್ತಿನ ಅನ್ನಕ್ಕಾಗಿ ಅವರು ಪಟ್ಟ ಪಾಡು ನಿಜ, ಅದರಲ್ಲಿ ಸೋಗಿಲ್ಲ. ಪರದೇಶದಿಂದ ಬಂದ ತರುಣ ನಮ್ಮ ನೆಲದಲ್ಲಿ ನಮ್ಮವನಾಗಲು ಇಷ್ಟು ದೂರ ನಡೆದದ್ದು ದೊಡ್ಡದು. ಆದರೆ ಅವನು ಯಾರಂತೆ ಆಗಲು ಹೊರಟ, ಯಾರಂತೆ ಆಗಲು ಹೊರಡಲಿಲ್ಲ? ಆ ಹುಡುಗ ಏರಿಯ ಕೆಳಗೇ ನಿಂತು ಕೂಗಬೇಕಾದದ್ದು ರೋಮಿನ ಕಟ್ಟಳೆಯಿಂದಲ್ಲ, ನಮ್ಮ ಕಟ್ಟಳೆಯಿಂದ. ಬಂದವನು ಅದನ್ನು ಕಲಿತ, ಚೆನ್ನಾಗಿಯೇ ಕಲಿತ.

1744ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟ್ ಜಗಳಕ್ಕೆ ತೆರೆ ಎಳೆದ. ಕಾಯಿಲೆ ಬಿದ್ದವರು ಯಾವ ಕೇರಿಯವರಾಗಲಿ, ಗುರು ಅವರ ಮನೆಯೊಳಗೆ ಹೋಗಲೇಬೇಕು ಎಂದ. ಯೇಸುಸಭೆಯವರು ಇದಕ್ಕೆ ಕಂಡುಕೊಂಡ ದಾರಿ ಬೇರೆ. ಕಾವಿಯ ಸನ್ಯಾಸಿಗಳು ಇದ್ದಂತೆಯೇ ಇರಲಿ, ಆ ಕೇರಿಗಳಿಗೆಂದೇ ಬೇರೆ ಪಾದ್ರಿಗಳನ್ನು ನೇಮಿಸುತ್ತೇವೆ ಎಂದರು. ಕೇರಿಗೆ ಹೋಗುವ ಪಾದ್ರಿ ಊರಿನ ಪಾದ್ರಿಯ ಜೊತೆ ಬೆರೆಯುವಂತಿರಲಿಲ್ಲ. ಒಂದೇ ಸಭೆಯ, ಒಂದೇ ಹಡಗಿನಲ್ಲಿ ಬಂದ ಇಬ್ಬರು ಫ್ರೆಂಚ್ ತರುಣರು ಇಲ್ಲಿ ಇಳಿದ ಮೇಲೆ ಒಟ್ಟಿಗೆ ಉಣ್ಣದ ಎರಡು ಜಾತಿಗಳಾದರು.