ತಳದ ಕಾಳು ಯಾರಿಗೆ?

ಪಾವಗಡ ಸೀಮೆಯ ಒಂದು ಹಳ್ಳಿ. ಆ ವರ್ಷ ಮಳೆ ಕೈಕೊಟ್ಟು ಕಡಲೆಕಾಯಿ ಬೆಳೆ ಹೊಲದಲ್ಲೇ ಒಣಗಿತು. ಸಾಲ ತೀರಿಸಲು ಹಸು ಮಾರಿದ್ದಾಯಿತು. ಆ ಮನೆಯಲ್ಲಿ ಮುದ್ದೆಗೆ ಕೊರತೆಯಿರಲಿಲ್ಲ. ಹಾಲು ನಿಂತಿತು, ಸಾರಿನಲ್ಲಿ ಕಾಳು ಕಡಿಮೆಯಾಯಿತು.

ಊಟದ ಸರದಿ ಮಾತ್ರ ಹಿಂದಿನದೇ. ಮೊದಲು ಅಪ್ಪ ಮತ್ತು ಏಳನೆಯ ತರಗತಿಯ ಮಗ, ಆಮೇಲೆ ಅಜ್ಜಿ, ಕೊನೆಗೆ ತಾಯಿ ಮತ್ತು ಒಂಬತ್ತನೆಯ ತರಗತಿಯ ಮಗಳು. ತಾಯಿ ಸೌಟನ್ನು ತಳಕ್ಕಿಳಿಸಿ ಕಾಳೆತ್ತಿ ಗಂಡಸರಿಗೆ ಬಡಿಸುತ್ತಿದ್ದಳು. ಕೊನೆಯ ಎರಡು ತಟ್ಟೆಗಳಿಗೆ ಬರಿಯ ತಿಳಿ. "ಗಂಡು ಹುಡುಗ, ನಾಳೆ ದುಡಿಯೋನು, ತಿನ್ಲಿ ಬಿಡು" ಎಂಬುದು ಅಜ್ಜಿಯ ನ್ಯಾಯ. ಅದರಲ್ಲಿ ಮೊಮ್ಮಗಳ ಮೇಲೆ ದ್ವೇಷವಿರಲಿಲ್ಲ. ಆಕೆಯೂ ಹಾಗೆಯೇ ಉಂಡು ಬೆಳೆದವಳು.

ಒಂದು ಬೆಳಿಗ್ಗೆ ಶಾಲೆಯ ಪ್ರಾರ್ಥನೆಯ ಹೊತ್ತಿಗೆ ಹುಡುಗಿ ಕುಸಿದು ಬಿದ್ದಳು. ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆಯಾಯಿತು. 12 ಗ್ರಾಂ ಇರಬೇಕಾದ ಹಿಮೋಗ್ಲೋಬಿನ್ 9ಕ್ಕೆ ಇಳಿದಿತ್ತು. ವೈದ್ಯೆ ಕೇಳಿದ್ದು ಒಂದೇ ಪ್ರಶ್ನೆ: "ಇವಳು ಊಟಕ್ಕೆ ಕೂರೋದು ಯಾವಾಗಮ್ಮ?"

"ಎಲ್ರದ್ದೂ ಆದ್ಮೇಲೆ, ನನ್ ಜೊತೆ."

ಈ ಲೆಕ್ಕವನ್ನು ಪ್ರತಿ ಪಾಲಕರೂ ತಿಳಿಯಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ 13ರಿಂದ 15 ವಯಸ್ಸಿನ ಹುಡುಗನಿಗೆ ದಿನಕ್ಕೆ 22 ಮಿಲಿಗ್ರಾಂ ಕಬ್ಬಿಣಾಂಶ ಬೇಕು, ಹುಡುಗಿಗೆ 30. ಬೆಳೆಯುವ ಮೈ ಇಬ್ಬರದೂ ಹೌದು, ಆದರೆ ಮುಟ್ಟಿನಲ್ಲಿ ಹೋಗುವ ರಕ್ತವನ್ನು ಅವಳ ದೇಹ ತುಂಬಿಕೊಳ್ಳಬೇಕು. ಹೆಚ್ಚು ಬೇಕಾದವಳಿಗೇ ಕಡಿಮೆ ಪಾಲು! 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಶೇಕಡಾ 59 ಮಂದಿಗೆ, ಹುಡುಗರಲ್ಲಿ ಶೇಕಡಾ 31 ಮಂದಿಗೆ ರಕ್ತಹೀನತೆ ಕಂಡುಬಂತು. ಹುಡುಗರೂ ಪಾರಾಗಿಲ್ಲ, ಆದರೆ ಪೆಟ್ಟು ಸಮನಾಗಿ ಬಿದ್ದಿಲ್ಲ.

ವೈದ್ಯೆ ಮಾತ್ರೆ ಕೊಟ್ಟರು. ಹಿತ್ತಲಿನ ನುಗ್ಗೆಸೊಪ್ಪು, ಹುರುಳಿಕಾಳು ಬಳಸಿ, ಊಟಕ್ಕೆ ನಿಂಬೆಹುಳಿ ಹಿಂಡಿಕೊಳ್ಳಿ, ಊಟದ ಜೊತೆ ಟೀ ಬೇಡ ಎಂದರು. ಹುಳಿ ಕಬ್ಬಿಣಾಂಶವನ್ನು ಮೈಗೆ ಹತ್ತಿಸುತ್ತದೆ, ಟೀ ತಡೆಯುತ್ತದೆ. ಯಾವುದಕ್ಕೂ ಹೆಚ್ಚು ಖರ್ಚಿಲ್ಲ.

ಆ ರಾತ್ರಿ ಅಪ್ಪ ತಟ್ಟೆಯ ಮುಂದೆ ಕೂತು ಸುಮ್ಮನಿದ್ದ. "ಅವಳನ್ನೂ ಕರಿ, ಒಟ್ಟಿಗೆ ಬಡಿಸು" ಎಂದ. ತಾಯಿ ಸೌಟನ್ನು ತಳಕ್ಕಿಳಿಸಿ ಮಗಳಿಗೂ ಕಾಳು ಹಾಕಿದಳು. ಅಜ್ಜಿ ಏನೂ ಹೇಳಲಿಲ್ಲ.

ತಾಯಿ ಮಾತ್ರ ಅಂದೂ ಕೊನೆಗೇ ಉಂಡಳು. ಅದನ್ನು ಮೊದಲು ಗಮನಿಸಿದವನು ಮಗ.