ಆಟದ ನಡುವೆ ತಂತಿ ಕಡಿದರೆ

ಜೂಜಿಗೆ ಕುಳಿತವನು ತನ್ನ ಎಲೆಗಳಿಗಿಂತ ಹೆಚ್ಚಾಗಿ ಎದುರಾಳಿಯ ಮುಖವನ್ನು ನೋಡುತ್ತಾನೆಂಬುದು ಲೋಕವಿದಿತವಾದ ಸಂಗತಿ. ಪೋಕರ್ ಎಂಬ ಇಸ್ಪೀಟಿನ ಆಟದಲ್ಲಂತೂ ಮುಖವೇ ಅರ್ಧ ಆಟ. ಎಲೆ ಹೀನವಾಗಿದ್ದರೂ ಧೈರ್ಯದಿಂದ ಪಣವನ್ನೇರಿಸುವವನು ಗೆಲ್ಲಬಹುದು. ಒಳ್ಳೆಯ ಎಲೆಯುಳ್ಳವನು ಅಂಜಿ ಸೋಲಬಹುದು. 1998ರಲ್ಲಿ ಪ್ಲಾನೆಟ್ ಪೋಕರ್ ಎಂಬ ಸಂಸ್ಥೆಯು ಅಂತರ್ಜಾಲದಲ್ಲಿ ಹಣವಿಟ್ಟಾಡುವ ಮೇಜನ್ನು ತೆರೆದುದು ಮೊದಲಾಗಿ ಈ ಮುಖವು ಮರೆಯಾಯಿತು. ಯಾರ ಅಂಕೆಗೂ ಸಿಕ್ಕದ ತಂತಿಯು ಆಟದಲ್ಲಿ ಪಾಲುಗಾರನಾಯಿತು.

ಆ ಕಾಲದಲ್ಲಿ ಅನೇಕ ಮನೆಗಳಲ್ಲಿ ದೂರವಾಣಿಯ ತಂತಿಯೇ ಅಂತರ್ಜಾಲಕ್ಕೂ ದಾರಿ. ಎದುರಾಳಿಯ ದೊಡ್ಡ ಪಣಕ್ಕೆ ಏನು ಉತ್ತರವೆಂದು ಆಟಗಾರನು ಚಿಂತಿಸುತ್ತಿರುವಾಗ ಮನೆಯವರಾರೋ ಇನ್ನೊಂದು ಕೋಣೆಯಲ್ಲಿ ರಿಸೀವರನ್ನೆತ್ತಿದರೆ ಸಾಕು, ಮೇಜಿನ ಸಂಪರ್ಕವೇ ಹರಿದುಹೋಗುತ್ತಿತ್ತು. ತೆರೆಯ ಮೇಲೆ ಚಿತ್ರವೇನೋ ನಿಂತಿದೆ. ಆದರೆ ದೂರದ ಯಂತ್ರದಲ್ಲಿ ಗಡಿಯಾರವು ನಿಂತಿಲ್ಲ. ಇವನು ಯೋಚಿಸುತ್ತಿರುವನೋ ಓಡಿಹೋದನೋ ಎಂಬುದು ಉಳಿದವರಿಗೆ ತಿಳಿಯದು.

ಮೊದಮೊದಲು ಅನೇಕ ಸಂಸ್ಥೆಗಳು ಇಂಥವನಿಗೆ ದಯೆ ತೋರಿದುವು. ತಂತಿ ಕಡಿದವನು ಅದುವರೆಗೆ ಇಟ್ಟ ಹಣದ ಮಟ್ಟಿಗೆ ಆಟದಲ್ಲಿಯೇ ಉಳಿಯುವನು. ಮಿಕ್ಕವರು ಮುಂದೆ ಹೂಡುವ ಹಣವು ಬೇರೆ ರಾಶಿಯಾಗುವುದು. ಕೊನೆಗೆ ಅವನ ಎಲೆಗಳೇ ಮೇಲಾದರೆ ಮೊದಲ ರಾಶಿ ಅವನದು. ನ್ಯಾಯವಾದ ಈ ನಿಯಮದ ಬಿರುಕನ್ನು ಕಪಟಿಗಳು ಬಹುಬೇಗ ಕಂಡುಕೊಂಡರು. ಹಣ ಕೊಡಲೂ ಮನಸ್ಸಿಲ್ಲ, ಆಟ ಬಿಡಲೂ ಮನಸ್ಸಿಲ್ಲವೆಂದಾಗ ಕೈಯಾರೆ ತಂತಿಯನ್ನು ಕಿತ್ತರಾಯಿತು. ಕೊನೆಯ ಎಲೆಯವರೆಗೆ ಬಿಟ್ಟಿಯಾಗಿ ಉಳಿಯಬಹುದು. ಸಂಸ್ಥೆಗಳು ಈ ರಕ್ಷಣೆಯನ್ನು ಮಿತಗೊಳಿಸಿದುವು. ಬರಬರುತ್ತ ಬಹುಪಾಲು ಮೇಜುಗಳಿಂದ ತೆಗೆದೇ ಹಾಕಿದುವು. ಈಗ ಸಂಪರ್ಕ ತಪ್ಪಿದವನಿಗೆ ಕೆಲವು ಕ್ಷಣಗಳ ಹೆಚ್ಚಿನ ಅವಧಿ ದೊರೆಯುವುದುಂಟು. ಅದು ತೀರಿತೆಂದರೆ, ಎದುರಿಗೆ ಪಣವಿದ್ದಲ್ಲಿ, ಅವನ ಎಲೆಗಳು ತಾವಾಗಿ ಮುಚ್ಚಿಹೋಗುವುವು. ಅವನ ಪಾಲಿಗೆ ನಾಲ್ಕು ಎಕ್ಕಗಳೇ ಬಂದಿದ್ದರೂ ಅಷ್ಟೆ.

ಇದನ್ನು ಕ್ರೂರವೆಂದು ಹಳಿಯುವುದು ಸುಲಭ. ಆದರೆ ಯಂತ್ರಕ್ಕೆ ಕಾಣುವುದು ಮೌನವೊಂದೇ. ಸಿಡಿಲಿಗೆ ಕಡಿದ ತಂತಿಯ ಮೌನಕ್ಕೂ ಕಪಟಿಯು ಕಿತ್ತ ತಂತಿಯ ಮೌನಕ್ಕೂ ಅದರ ಲೆಕ್ಕದಲ್ಲಿ ಭೇದವಿಲ್ಲ. ಜಗಲಿಯ ಮೇಲೆ ಇಸ್ಪೀಟಾಡುವವರ ನಡುವೆ ದೀಪವಾರಿದರೆ ಎಲ್ಲರೂ ಎಲೆ ಕವುಚಿ ಕಾಯುವರು. ದೀಪವಾರಿದುದು ಎಲ್ಲರಿಗೂ ಕಂಡಿದೆಯಷ್ಟೆ. ಅಂತರ್ಜಾಲದಲ್ಲಿ ಕತ್ತಲೆಯು ಒಬ್ಬನಿಗೆ ಮಾತ್ರ. ಅವನ ಸತ್ಯಕ್ಕೆ ಸಾಕ್ಷಿಯಿಲ್ಲ. ಹೀಗೆ ಕಪಟಿಯ ದಂಡವನ್ನು ಪ್ರಾಮಾಣಿಕನೂ ತೆರಬೇಕಾಗಿ ಬಂದಿತು.

ಆದುದರಿಂದ ಅನುಭವಿಗಳು ಎಚ್ಚರಿಕೆಯನ್ನೇ ನೆಚ್ಚುತ್ತಾರೆ. ಅವರು ವೈಫೈಯನ್ನು ನಂಬದೆ ಯಂತ್ರಕ್ಕೆ ನೇರವಾಗಿ ತಂತಿಯನ್ನು ಜೋಡಿಸುವರು. ಏಕೆಂದರೆ ಅಡಿಗೆಮನೆಯ ಮೈಕ್ರೋವೇವ್ ಒಲೆಯೂ 2.4 ಗಿಗಾಹರ್ಟ್ಸ್ ವೈಫೈ ಅಲೆಗಳಿಗೆ ಅಡ್ಡಿಯಾಗಬಲ್ಲುದು. ವಿದ್ಯುತ್ತು ಹೋದರೆ ಬ್ಯಾಟರಿ, ಸಂಪರ್ಕ ಹೋದರೆ ಮೊಬೈಲು ಎಂದು ಎರಡನೆಯ ದಾರಿಯನ್ನು ಮೊದಲೇ ಸಜ್ಜುಗೊಳಿಸಿಡುವರು. ಏಕಕಾಲಕ್ಕೆ ಹಲವು ಮೇಜುಗಳಲ್ಲಿ ಆಡುವವನಿಗೆ ಒಂದು ತಂತಿ ಕಡಿದರೆ ಎಲ್ಲ ಮೇಜುಗಳಲ್ಲಿಯೂ ನಷ್ಟವೆಂದರಿತು ಮೇಜುಗಳನ್ನು ಕಡಿಮೆಮಾಡುವರು. ಇಷ್ಟಾದರೂ ತಂತಿ ಕಡಿಯುವುದುಂಟು. ಅದನ್ನು ಕೆಟ್ಟ ಎಲೆಯೆಂದೇ ಎಣಿಸಿ ಸುಮ್ಮನಾಗಬಲ್ಲವನೇ ನಿಜವಾದ ಆಟಗಾರ.

ಭಾರತದಲ್ಲಿ 2025ರ ಆಗಸ್ಟ್ ತಿಂಗಳಲ್ಲಿ ಸಂಸತ್ತು ಅಂಗೀಕರಿಸಿದ ಶಾಸನವು ಅಂತರ್ಜಾಲದ ಹಣದಾಟಗಳನ್ನು ನಿಷೇಧಿಸಿತು. ಜೂಜಿನ ಮೇಜು ಸಭ್ಯರ ಮನೆಗೆ ಬಾರದಿದ್ದರೆ ಒಳಿತೇ ಸರಿ. ಆದರೆ ಅದೇ ತಂತಿಯ ತುದಿಯಲ್ಲಿ ಇಂದು ಮಕ್ಕಳು ಪರೀಕ್ಷೆ ಬರೆಯುತ್ತಾರೆ, ಉದ್ಯೋಗಾರ್ಥಿಗಳು ಸಂದರ್ಶನಕ್ಕೆ ಕುಳಿತುಕೊಳ್ಳುತ್ತಾರೆ. ಅವರ ಮೌನವನ್ನು ಕಪಟವೆನ್ನಬೇಕೋ ದುರ್ದೈವವೆನ್ನಬೇಕೋ ಎಂಬ ತೀರ್ಪನ್ನು ಗಡಿಯಾರಕ್ಕೆ ಬಿಡುವುದು ಉಚಿತವಲ್ಲ. ಜೂಜಿನಲ್ಲಿ ಹೋದುದು ಒಂದು ಸುತ್ತಿನ ಪಣ. ಇಲ್ಲಿ ಹೋಗುವುದು ಅದಕ್ಕಿಂತ ಹೆಚ್ಚಿನದು.